192 ಅಂತ ಒತ್ತಿದರೆ ಹಾಡು ಚೆನ್ನಾಗುತ್ತಾ?

ಸರಸ್ವತೀಪುರಂನಲ್ಲಿರುವ ನನ್ನ ಗೆಳೆಯನಿಗೆ ವೀಣೆ ಹುಚ್ಚು. ಅಪ್ಪ ಕೂಡಿಟ್ಟಿದ್ದ ಸಿ.ಡಿ.ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡ, ಪುಟ್ಟದೊಂದು ಡ್ಯಾಕ್ ತಂದ (ಫೈಲಿನ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವ ಡಬ್ಬಿ ಅದು), ಹೋದ ದಸರಾ ಹೊತ್ತಿಗೆ ಪ್ಲೇಯರಿನಲ್ಲಿ ‘ಅಪ್‌ಸ್ಯಾಂಪ್ಲಿಂಗ್’ ಅನ್ನುವ ಆಯ್ಕೆ ಕಣ್ಣಿಗೆ ಬಿದ್ದು 192 ಕಿಲೋಹರ್ಟ್ಸ್ ಅಂತ ಒತ್ತಿದ. ಆಮೇಲೆ ಆರು ತಿಂಗಳು ಅವನದು ಒಂದೇ ಮಾತು: “ತಂತಿ ಮೀಟಿದ್ದು ನನ್ನ ಬೆರಳಿಗೇ ತಾಗಿದ ಹಾಗಿದೆ ಕಣೋ.” ಯುಗಾದಿಗೆ ಒಬ್ಬಟ್ಟು ತಿನ್ನಲು ಹೋದಾಗ ನಾನೂ ಕೇಳಿದೆ. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಡ್ಯಾಕಿನ ಪುಟ್ಟ ಪರದೆಯಲ್ಲಿ 192 ಇರಲಿಲ್ಲ. 48 ಅಂತಿತ್ತು.

ಆ 48ರ ಕತೆ ಆಮೇಲೆ. ಮೊದಲು ಈ ಅಪ್‌ಸ್ಯಾಂಪ್ಲಿಂಗ್ ಏನು ಮಾಡುತ್ತೆ ನೋಡೋಣ.

ಸಿ.ಡಿ.ಯಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ (ಅಂದರೆ 44.1 ಕಿಲೋಹರ್ಟ್ಸ್) ಅಳೆದು ಬರೆದಿಟ್ಟಿರುತ್ತಾರೆ. ಅಂದರೆ ಚುಕ್ಕಿಗಳು. ಅಪ್‌ಸ್ಯಾಂಪ್ಲಿಂಗ್ ಅಂದರೆ ಆ ಚುಕ್ಕಿಗಳ ನಡುವೆ ಲೆಕ್ಕ ಹಾಕಿ ಇನ್ನಷ್ಟು ಚುಕ್ಕಿ ಇಡುವುದು. ಚುಕ್ಕಿ ಜಾಸ್ತಿಯಾದರೆ ಗೆರೆ ನುಣುಪಾಗುತ್ತೆ ಅಲ್ವಾ, ಅಂತ ಯಾರಿಗಾದರೂ ಅನಿಸುತ್ತೆ. ಇಲ್ಲೇ ಎಡವುವುದು. ಜಾಹೀರಾತುಗಳಲ್ಲಿ ಡಿಜಿಟಲ್ ಶಬ್ದವನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾರಲ್ಲ, ಸಾಮಾನ್ಯ ಡ್ಯಾಕಿನಿಂದ ಹೊರಬರುವ ಅಲೆ ಹಾಗಿರುವುದೇ ಇಲ್ಲ.

ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುವವರನ್ನು ನೋಡಿ. ಚುಕ್ಕಿ ಇಟ್ಟ ಮೇಲೆ ಬಳ್ಳಿ ಹೇಗೆ ಎಳೆಯಬೇಕು ಅನ್ನುವುದಕ್ಕೆ ಒಂದು ನೇಮ ಇರುತ್ತೆ. ಶಬ್ದಕ್ಕೂ ಒಂದು ನೇಮ ಇದೆ: ಅಳತೆಯ ವೇಗದ ಅರ್ಧಕ್ಕಿಂತ ಎತ್ತರದ ಕಂಪನ ಅದರಲ್ಲಿ ಇರಬಾರದು. ಸಿ.ಡಿ.ಗೆ ಆ ಗಡಿ 22,050 ಹರ್ಟ್ಸ್. ಈ ನೇಮ ಪಾಲಿಸಿದರೆ ಆ ಚುಕ್ಕಿಗಳನ್ನೆಲ್ಲ ಹಾಯ್ದು ಹೋಗುವ ಬಳ್ಳಿ ಒಂದೇ ಒಂದು, ಎರಡನೆಯದು ಸಾಧ್ಯವೇ ಇಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲೇ ಇದನ್ನು ಗಣಿತದಲ್ಲಿ ಬರೆದಿಟ್ಟಿದ್ದಾರೆ. ಎಳೆದಾದ ಬಳ್ಳಿಯ ಮೇಲೆ ನೀವು ಇನ್ನೂ ನೂರು ಚುಕ್ಕಿ ಇಟ್ಟರೂ ರಂಗೋಲಿ ಅದೇ. ಇನ್ನು ನಮ್ಮ ಕಿವಿಯೋ, ಚಿಕ್ಕ ವಯಸ್ಸಿನಲ್ಲೇ 20,000 ಹರ್ಟ್ಸ್ ಆಸುಪಾಸಿಗೆ ನಿಲ್ಲುತ್ತೆ, ವಯಸ್ಸಾದ ಹಾಗೆ ಇನ್ನೂ ಕೆಳಗಿಳಿಯುತ್ತೆ.

ಹಾಗಂತ ಅಪ್‌ಸ್ಯಾಂಪ್ಲಿಂಗ್ ಮೋಸ ಅಂತಲ್ಲ. ಫಿಲಿಪ್ಸ್ ಕಂಪನಿಯ ಮೊದಲ ಸಿ.ಡಿ. ಪ್ಲೇಯರುಗಳಲ್ಲೇ ಒಳಗೊಳಗೆ ನಾಲ್ಕು ಪಟ್ಟು ಮಾಡುವ ಏರ್ಪಾಡಿತ್ತು. ಈಗಿನ ಬಹುಪಾಲು ಡ್ಯಾಕ್ ಚಿಪ್ಪುಗಳೂ ನಿಮ್ಮನ್ನು ಕೇಳದೆಯೇ ಆ ಕೆಲಸ ಮಾಡಿಕೊಳ್ಳುತ್ತವೆ. ಅವು ಸೋಸುವ ಡಿಕಾಕ್ಷನ್ನನ್ನು ನಾವು ಮತ್ತೊಮ್ಮೆ ಸೋಸುತ್ತಿದ್ದೇವೆ, ಅಷ್ಟೇ.

ಈಗ ಕಂಪ್ಯೂಟರ್ ಮುಂದೆ ಕೂರೋಣ.

ಮೊದಲ ಕೆಲಸ, ನಿಮ್ಮ ಫೈಲು ಎಷ್ಟರದು ಅಂತ ನೋಡಿಕೊಳ್ಳಿ. ಪ್ಲೇಯರಿನಲ್ಲಿ ಹಾಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದರೆ ಸ್ಯಾಂಪಲ್ ರೇಟ್, ಅಂದರೆ ಅಳತೆಯ ವೇಗ, ಸಿಗುತ್ತೆ. ಸಿ.ಡಿ.ಯಿಂದ ಬಂದದ್ದು 44.1, ವಿಡಿಯೊದಿಂದ ಬಂದದ್ದು ಸಾಮಾನ್ಯವಾಗಿ 48.

ಎರಡನೆಯದು, ವಿಂಡೋಸ್ ಏನು ಮಾಡುತ್ತಿದೆ ಅಂತ ಹಿಡಿಯಬೇಕು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಅಲ್ಲಿ ನಿಮ್ಮ ಸ್ಪೀಕರಿನ ಅಥವಾ ಡ್ಯಾಕಿನ ಹೆಸರು ಒತ್ತಿದರೆ ಫಾರ್ಮ್ಯಾಟ್ ಅಂತ ಒಂದು ಸಾಲು ಕಾಣುತ್ತೆ. ಅಲ್ಲಿ ಯಾವ ಅಂಕಿ ಇದೆಯೋ, ಸಾಮಾನ್ಯವಾಗಿ ಎಲ್ಲ ಶಬ್ದವನ್ನೂ ವಿಂಡೋಸ್ ಅದೇ ಅಂಕಿಗೆ ತಂದು, ಬೆರೆಸಿ, ಆಮೇಲೆ ಹೊರಗೆ ಬಿಡುತ್ತೆ. ಹಾಡು ಕೇಳುವಾಗ ನಡುವೆ ವಾಟ್ಸಾಪ್ ಟಿಣ್ ಅನ್ನಬೇಕಾದರೆ ಎರಡೂ ಒಂದೇ ಅಂಕಿಯಲ್ಲಿ ಇರಲೇಬೇಕಲ್ಲ. ಗೆಳೆಯನ ಮನೆಯಲ್ಲಿ ಆಗಿದ್ದೂ ಇದೇ. ಪ್ಲೇಯರು ಕಷ್ಟಪಟ್ಟು 44.1ನ್ನು 192ಕ್ಕೆ ಹತ್ತಿಸುತ್ತಿತ್ತು, ವಿಂಡೋಸ್ ಅದನ್ನು ಸುಮ್ನೆ 48ಕ್ಕೆ ಇಳಿಸಿ ಡ್ಯಾಕಿಗೆ ಕೊಡುತ್ತಿತ್ತು. ದಸರಾದಿಂದ ಯುಗಾದಿವರೆಗೆ ಒಂದು ಸೆಕೆಂಡೂ ಅವನು 192 ಕೇಳಿರಲಿಲ್ಲ! ಅವನ ಮುಖ ನೋಡಬೇಕಿತ್ತು.

ಹಾಗಾಗಿ ಸಿ.ಡಿ. ಹಾಡೇ ಜಾಸ್ತಿ ಕೇಳುವವರು ಆ ಸಾಲಿನಲ್ಲಿ 44.1 ಇಡಿ, ವಿಡಿಯೊ ನೋಡುವವರು 48 ಇಡಿ. ಆ ಅಂಕಿ ಪಟ್ಟಿಯಲ್ಲಿ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಈಗಿನ ಕಂಪ್ಯೂಟರುಗಳು ಮಾಡುವ ಬದಲಾವಣೆ ಕಿವಿಗೆ ಸಿಗುವುದು ತೀರಾ ಕಷ್ಟ. ಅಲ್ಲೇ ಕೆಳಗೆ ಆಡಿಯೊ ಎನ್‌ಹಾನ್ಸ್‌ಮೆಂಟ್ಸ್ ಅಂತ ಇದ್ದರೆ ಅದನ್ನು ಮಾತ್ರ ಆಫ್ ಮಾಡಿ, ಅದು ಶಬ್ದಕ್ಕೆ ನಿಜವಾಗಿ ಬಣ್ಣ ಬಳಿಯುತ್ತೆ. ಮ್ಯಾಕ್ ಇರುವವರಿಗೆ ಆಡಿಯೊ ಮಿಡಿ ಸೆಟಪ್ ಅನ್ನುವ ಆ್ಯಪಿನಲ್ಲಿ ಇದೇ ಆಯ್ಕೆ ಸಿಗುತ್ತೆ.

ಮೂರನೆಯದು ಪರೀಕ್ಷೆ. ಇದನ್ನು ಮಾಡದೆ ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ. ಫೂಬಾರ್2000ದಂಥ ಪ್ಲೇಯರಿನ ಔಟ್‌ಪುಟ್ ಪಟ್ಟಿಯಲ್ಲಿ ಎಕ್ಸ್‌ಕ್ಲೂಸಿವ್ ಅಂತ ಬರೆದಿರುವುದನ್ನು ಆರಿಸಿದರೆ ವಿಂಡೋಸ್ ಮೂಗು ತೂರಿಸುವುದಿಲ್ಲ. ನಾವೂ ಹಾಗೇ ಮಾಡಿದೆವು, ಡ್ಯಾಕಿನಲ್ಲಿ ಕೊನೆಗೂ 192 ಬಂತು. ಆ ಪರದೆಯ ಮೇಲೆ ಹಳೇ ಪೇಪರಿನ ತುಂಡೊಂದನ್ನು ಅಂಟಿಸಿ, ಗೆಳೆಯನನ್ನು ಬೆನ್ನು ತಿರುಗಿಸಿ ಕೂರಿಸಿದೆ. ಪ್ರತಿ ಸಲ ಎರಡು ರೂಪಾಯಿ ನಾಣ್ಯ ಚಿಮ್ಮಿಸುವುದು, ಸಿಂಹ ಬಂದರೆ 192, ಅಂಕಿ ಬಂದರೆ ಇದ್ದ ಹಾಗೇ 44.1. ಆಯ್ಕೆ ಬದಲಾದಾಗ ಡ್ಯಾಕ್ ಟಿಕ್ ಅನ್ನುತ್ತಿದ್ದರಿಂದ, ಗುಟ್ಟು ಬಿಡಬಾರದು ಅಂತ ಪ್ರತಿ ಸಲವೂ ಸುಮ್ಮನೆ ಆ ಕಡೆ ಈ ಕಡೆ ಬದಲಿಸಿಯೇ ನುಡಿಸಿದೆ. ವಾಲ್ಯೂಮ್ ಮುಟ್ಟಲಿಲ್ಲ, ಯಾಕೆಂದರೆ ಒಂಚೂರು ಜೋರಾದದ್ದು ಯಾವಾಗಲೂ ‘ಚೆನ್ನಾಗಿದೆ’ ಅಂತಲೇ ಕೇಳುತ್ತೆ. 16 ಸಲ ಮಾಡಿದೆವು. ಸುಮ್ನೆ ಊಹಿಸಿದರೂ ಸರಾಸರಿ 8 ಸರಿಯಾಗಬೇಕು, 12 ಅಥವಾ ಅದಕ್ಕಿಂತ ಜಾಸ್ತಿ ಸರಿಯಾದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಡಿಮೆ. ಅವನಿಗೆ ಬಂದದ್ದು 7. ಜಾಗ ಬದಲಿಸಿ ನಾನು ಕೂತೆ, 9 ಬಂತು. ಹೆಮ್ಮೆಪಡುವಂಥದ್ದೇನೂ ಅಲ್ಲ.

ಉಪಯೋಗವೇ ಇಲ್ಲವಾ? ಇದೆ, ಕೆಲವು ಕಡೆ. ಇಪ್ಪತ್ತು ವರ್ಷ ಹಳೆಯ ಕೆಲವು ಕಂಪ್ಯೂಟರುಗಳ ಸೌಂಡ್ ಚಿಪ್ಪು ಎಲ್ಲವನ್ನೂ 48ಕ್ಕೇ ತರುತ್ತಿತ್ತು, ಅದನ್ನೂ ಒರಟಾಗಿ. ಅಂಥದ್ದರಲ್ಲಿ ಒಳ್ಳೆಯ ಪ್ಲೇಯರಿನಿಂದಲೇ 48 ಮಾಡಿ ಕಳಿಸಿದರೆ ವ್ಯತ್ಯಾಸ ಕೇಳಬಹುದು. ಮೆಟ್ಟಿಲನ್ನು ನುಣುಪಾಗಿಸುವ ಫಿಲ್ಟರ್ ಒಳಗೆ ಇಲ್ಲದೆ ಬೇಕೆಂದೇ ಮಾಡಿದ ಕೆಲವು ಡ್ಯಾಕುಗಳಿಗೂ ಇದು ಸಲ್ಲುತ್ತೆ. ಫೈಲನ್ನೇ ಬದಲಿಸಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ: ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಇರುವುದು ಒಂದೊಂದು ಚುಕ್ಕಿಗೂ 24 ಬಿಟ್ ಜಾಗ ಕೊಟ್ಟು 192 ಮಾಡಿದರೆ 69 ಎಂ.ಬಿ. ಆಗುತ್ತೆ. ಹಾಲಿಗೆ ನೀರು ಬೆರೆಸಿದರೆ ಚೊಂಬು ತುಂಬುತ್ತೆ, ಕೆನೆ ಹೆಚ್ಚಲ್ಲ. ಗಾತ್ರ ಚಿಕ್ಕದಾಗಲಿ ಅಂತ ಹಿಂಡಿದ 128 ಕಿಲೋಬಿಟ್‌ನ ಎಂಪಿ3ಯಲ್ಲಿ ಕಳೆದುಹೋದದ್ದೂ ಇದರಿಂದ ವಾಪಸ್ ಬರುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಳ್ಳುವವರು ಈ ಇಡೀ ವಿಷಯ ಮರೆತುಬಿಡಿ, ಅದು ಶಬ್ದವನ್ನು ತನ್ನ ಲೆಕ್ಕದಲ್ಲಿ ಮತ್ತೆ ಹಿಂಡಿಯೇ ಕಳಿಸುತ್ತೆ.

ಆಮೇಲೂ 192 ಇಟ್ಟೇ ಕೇಳ್ತೀನಿ ಅನ್ನುವವರು ಪ್ಲೇಯರಿನ ವಾಲ್ಯೂಮ್ ಒಂದು 3 ಡೆಸಿಬಲ್ ಇಳಿಸಿಕೊಳ್ಳಿ. ತುಂಬಾ ಜೋರಾಗಿ ರೆಕಾರ್ಡ್ ಆದ ಈಗಿನ ಹಾಡುಗಳಲ್ಲಿ ಹೊಸ ಚುಕ್ಕಿಗಳು ಮಿತಿ ದಾಟಿ ಕತ್ತರಿಸಿಹೋಗಬಹುದು.

ಹಾಗಾದರೆ ದಸರಾ ಆದ ಮೇಲೆ ಗೆಳೆಯನಿಗೆ ವೀಣೆ ಚೆನ್ನಾಗಿ ಕೇಳಿದ್ದು ಭ್ರಮೆಯಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ಕಾಫಿ ತಂದಿಡುತ್ತಾ ನೆನಪಿಸಿದರು: ಅಲ್ಲಿಯವರೆಗೆ ಸ್ಪೀಕರುಗಳು ಇದ್ದದ್ದು ಮೂಲೆಯ ಕಪಾಟಿನಲ್ಲಿ, ಎರಡು ಗೋಡೆಗೆ ಒತ್ತಿಕೊಂಡು. ಗೊಂಬೆ ಕೂರಿಸಲು ಆ ಮೂಲೆ ಬೇಕು ಅಂತ ಅವರೇ ಎತ್ತಿ ಮೇಜಿನ ಮೇಲೆ, ಕಿವಿಯ ಮಟ್ಟಕ್ಕೆ ಇಟ್ಟಿದ್ದರು. ಮೂಲೆಯಲ್ಲಿ ತಗ್ಗು ಶಬ್ದ ಉಬ್ಬಿ ಗುಂಯ್ ಅನ್ನುತ್ತಾ ಮೀಟನ್ನು ಮುಚ್ಚಿಹಾಕುತ್ತಿತ್ತು, ಮೇಜಿಗೆ ಬಂದ ಮೇಲೆ ತಂತಿ ಬಿಡಿಬಿಡಿಯಾಗಿ ಕೇಳಿದೆ. ಇವನು 192 ಒತ್ತಿದ್ದೂ ಅದೇ ವಾರ. ಪಟ್ಟದ ಗೊಂಬೆಗಳು ಮಾಡಿದ ಉಪಕಾರವನ್ನು ಸಾಫ್ಟ್‌ವೇರ್ ಖಾತೆಗೆ ಬರೆದುಕೊಂಡಿದ್ದ.

ಗೊಂಬೆ ಅಟ್ಟ ಹತ್ತಿವೆ, ಸ್ಪೀಕರುಗಳು ಮೇಜಿನ ಮೇಲೇ ಇವೆ. 192 ಕೂಡ ಹಾಗೇ ಇದೆ, ಆಫ್ ಮಾಡಲು ಅವನಿಗೆ ಮನಸ್ಸಿಲ್ಲ.