ಭೂತಾನ್‌ಗೆ ಹೊರಟಿದ್ದೀರಾ? ಮೊದಲು ಮಗುವಿನ ಜನನ ಪತ್ರ ತೆಗೆದು ನೋಡಿ

ದಸರಾ ರಜೆಗೆ ಭೂತಾನ್‌ಗೆ ಹೊರಡುವ ಮೈಸೂರು, ಮಂಡ್ಯದ ಕುಟುಂಬಗಳು ಟಿಕೆಟ್ಟು, ಹೋಟೆಲು, ಸ್ವೆಟರು ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ಹೊಂದಿಸಿಕೊಳ್ಳುತ್ತವೆ. ಕಾಗದಪತ್ರ ಮಾತ್ರ ಬೀರುವಿನಿಂದ ಹೊರಬರುವುದು ಹೊರಡುವ ಹಿಂದಿನ ರಾತ್ರಿ. ಭಾರತೀಯರಿಗೆ ಅಲ್ಲಿ ವೀಸಾ ಬೇಡ ಎಂಬುದು ನಿಜ. ಆದರೆ ಪ್ರವೇಶ ಪರ್ಮಿಟ್ ಬೇಕು, ಅದನ್ನು ಪಡೆಯಲು ಸರಿಯಾದ ಗುರುತಿನ ದಾಖಲೆ ಬೇಕು. ಎರಡೂವರೆ ಸಾವಿರ ಕಿಲೋಮೀಟರ್ ದಾಟಿ ಗಡಿ ಊರಾದ ಜೈಗಾಂವ್ ಸೇರಿದ ಮೇಲೆ ಹೆಸರಿನ ತಪ್ಪು ತಿದ್ದಿಕೊಡುವವರು ಯಾರೂ ಸಿಗುವುದಿಲ್ಲ.

ಮೊದಲ ಹೆಜ್ಜೆ: ದಾಖಲೆ (ಎರಡು ತಿಂಗಳು ಮೊದಲು)

ದೊಡ್ಡವರಿಗೆ ಎರಡೇ ದಾಖಲೆ ನಡೆಯುತ್ತದೆ. ಒಂದು, ಕನಿಷ್ಠ ಆರು ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್. ಇನ್ನೊಂದು, ಚುನಾವಣಾ ಆಯೋಗದ ವೋಟರ್ ಕಾರ್ಡ್. ಆಧಾರ್ ನಡೆಯುವುದಿಲ್ಲ, ಪ್ಯಾನ್ ನಡೆಯುವುದಿಲ್ಲ, ಡಿಎಲ್ಲೂ ನಡೆಯುವುದಿಲ್ಲ. ಗಡಿಯಲ್ಲಿ "ಆಧಾರ್ ಇದ್ರೆ ಸಾಕು, ನಾವು ಮಾಡಿಸಿಕೊಡ್ತೀವಿ" ಎನ್ನುವ ದಲ್ಲಾಳಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ಕಡೆಯವರಿಗೆ ತೊಡಕಾಗುವುದು ಇನಿಷಿಯಲ್. ವೋಟರ್ ಕಾರ್ಡಿನಲ್ಲಿ ಬರೀ "ಶಿವಣ್ಣ", ಪಾಸ್‌ಪೋರ್ಟಿನಲ್ಲಿ "ಶಿವಣ್ಣ ಬೋರೇಗೌಡ", ವಿಮಾನದ ಟಿಕೆಟ್ಟಿನಲ್ಲಿ "ಶಿವಣ್ಣ ಬಿ". "ಪುಟ್ಟಸ್ವಾಮಿ" ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಎರಡು ಟಿ, ಇನ್ನೊಂದು ಕಡೆ ಒಂದೇ ಟಿ. ಯಾವ ದಾಖಲೆಯ ಮೇಲೆ ಪರ್ಮಿಟ್ ಪಡೆಯುತ್ತೀರೋ ಅದರಲ್ಲಿರುವ ಅಕ್ಷರಗಳನ್ನೇ ಅರ್ಜಿಯಲ್ಲಿ, ಟಿಕೆಟ್ಟಿನಲ್ಲಿ, ಹೋಟೆಲ್ ಬುಕಿಂಗಿನಲ್ಲಿ ಹಾಗ್ಹಾಗೇ ಇಳಿಸಿ. ಅರ್ಜಿಗೆ ವೋಟರ್ ಕಾರ್ಡ್ ಹಾಕಿ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸುವುದು ಬೇಡ.

"ಕೆಟಿ" ಎಂದು ಶುರುವಾಗುವ ಹಳೇ ವೋಟರ್ ಕಾರ್ಡುಗಳಲ್ಲಿ ಫೋಟೊ ಮಸುಕಾಗಿ, ಲ್ಯಾಮಿನೇಷನ್ ಹಳದಿಗಟ್ಟಿ ಮುಖವೇ ಕಾಣುವುದಿಲ್ಲ. ಅಂಥ ಕಾರ್ಡಿಗೆ ನಮೂನೆ 8 ತುಂಬಿ ತಿದ್ದುಪಡಿಯೊಂದಿಗೆ ಹೊಸ ಕಾರ್ಡಿಗೆ ಅರ್ಜಿ ಹಾಕಿ. ಆನ್‌ಲೈನಿನಲ್ಲೂ ಆಗುತ್ತದೆ, ಬೂತ್ ಮಟ್ಟದ ಅಧಿಕಾರಿಯ ಮೂಲಕವೂ ಆಗುತ್ತದೆ. ಮೊಬೈಲಿನಲ್ಲಿ ಇಳಿಸಿಕೊಂಡ ಇ-ಕಾರ್ಡ್ ನಂಬಿಕೊಂಡು ಹೋಗದೆ ಮೂಲ ಕಾರ್ಡನ್ನೇ ಜೇಬಿನಲ್ಲಿಡಿ.

ಇನ್ನು ಮಕ್ಕಳ ವಿಷಯ. ಅತಿ ಹೆಚ್ಚು ಪ್ರವಾಸ ಕೆಡುವುದು ಇಲ್ಲೇ. 18 ತುಂಬದವರಿಗೆ ಪಾಸ್‌ಪೋರ್ಟ್ ಅಥವಾ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು, ಜತೆಗೆ ಅಪ್ಪ ಅಥವಾ ಅಮ್ಮ, ಇಲ್ಲವೇ ಕಾನೂನುಬದ್ಧ ಪೋಷಕರು ಇರಬೇಕು. ಜನನ ಪತ್ರವನ್ನು ಬೆಳಕಿಗೆ ಹಿಡಿದು ಮೂರು ಸಾಲು ಓದಿ. ಒಂದು, ಮಗುವಿನ ಹೆಸರು. ಆಸ್ಪತ್ರೆಯಿಂದ ನೋಂದಣಿಯಾದಾಗ ನಾಮಕರಣ ಆಗಿರುವುದಿಲ್ಲ, ಆ ಜಾಗ ಖಾಲಿಯೇ ಉಳಿದಿರುತ್ತದೆ. ಎಷ್ಟೋ ಮನೆಗಳಲ್ಲಿ ಮಗು ಐದನೇ ತರಗತಿಗೆ ಬಂದರೂ ಅದು ಖಾಲಿ. ಹೆಸರು ಸೇರಿಸಲು ಹುಟ್ಟಿದ 12 ತಿಂಗಳೊಳಗೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಬಹುದು. ಜನನ ಎಲ್ಲಿ ನೋಂದಣಿಯಾಗಿದೆಯೋ ಅಲ್ಲೇ ಹೋಗಬೇಕು: ಮಗು ಮೈಸೂರಿನ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಮದ್ದೂರಿನಲ್ಲಿ ಓಡಾಡಿ ಪ್ರಯೋಜನವಿಲ್ಲ. ಎರಡು, ತಾಯಿಯ ಹೆಸರು. ಪತ್ರದಲ್ಲಿ ತವರಿನ ಇನಿಷಿಯಲ್ಲಿನ "ಕೆ. ಸುಧಾ", ಕಾರ್ಡಿನಲ್ಲಿ "ಸುಧಾ ಮಹೇಶ್" ಎಂದಿದ್ದರೆ ವಿವಾಹ ನೋಂದಣಿ ಪತ್ರ ಜತೆಗಿಡಿ. ಮೂರು, ಭಾಷೆ. ರಾಜ್ಯದ ಜನನ-ಮರಣ ನೋಂದಣಿ ತಾಣವಾದ ಇ-ಜನ್ಮದಲ್ಲಿ ಬರುವ ಈಗಿನ ಪತ್ರಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತವೆ. ಕೈಬರಹದ ಹಳೇ ಕನ್ನಡ ಪತ್ರವಾದರೆ ಹೊಸ ಪ್ರತಿ ತೆಗೆಸಿ. ನೋಟರಿ ಅನುವಾದ ಮಾಡಿಸುವುದು ಬೇಗ ಮುಗಿಯುವ ದಾರಿಯಂತೆ ಕಾಣುತ್ತದೆ. ಅದನ್ನೇ ನಂಬಿ ರೈಲು ಹತ್ತಬೇಡಿ. ಮೂಲ ಪತ್ರವನ್ನು ಲ್ಯಾಮಿನೇಟ್ ಮಾಡಿಸಲೂಬೇಡಿ, ಮೊಹರು ಮಬ್ಬಾಗಿ ಸ್ಕ್ಯಾನಿನಲ್ಲಿ ಬರೀ ಹೊಳಪು ಬರುತ್ತದೆ.

ಇಷ್ಟೆಲ್ಲ ಓಡಾಟಕ್ಕಿಂತ ಮಗುವಿಗೊಂದು ಪಾಸ್‌ಪೋರ್ಟ್ ಮಾಡಿಸುವುದೇ ಲೇಸು. ಶುಲ್ಕ 1,000 ರೂಪಾಯಿ, ಐದು ವರ್ಷ ನಡೆಯುತ್ತದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ಊರುಗಳಲ್ಲಿ ಮೈಸೂರೂ ಒಂದು; ಬೆಂಗಳೂರಿಗೆ ಅಲೆಯಬೇಕಿಲ್ಲ. ಅಜ್ಜಿ ತಾತನ ಜತೆ ಮೊಮ್ಮಗುವನ್ನು ಕಳಿಸುವ ಯೋಚನೆಯಿದ್ದರೆ ಈ ಸಲ ಬೇಡ.

ಎರಡನೇ ಹೆಜ್ಜೆ: ಪರ್ಮಿಟ್ ಮತ್ತು ಎಸ್‌ಡಿಎಫ್

ಭೂತಾನ್ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ಅರ್ಜಿ ತುಂಬಿ. ವಿಳಾಸದ ಕೊನೆಯಲ್ಲಿ "gov.bt" ಇದೆಯೇ ನೋಡಿಕೊಳ್ಳಿ. ಅದೇ ರೂಪದ ಖಾಸಗಿ ತಾಣಗಳು ಸೇವಾ ಶುಲ್ಕ ಕೀಳುತ್ತವೆ. ಫೋಟೊ, ದಾಖಲೆಯ ನಾಲ್ಕೂ ಮೂಲೆ ಕಾಣುವ ಸ್ಕ್ಯಾನ್ ಬೇಕು. ಮೊಬೈಲ್ ಸ್ಕ್ಯಾನರ್ ಆ್ಯಪ್‌ಗಳು ಕೆಳಗೆ ತಮ್ಮ ಹೆಸರು ಒತ್ತಿಬಿಡುತ್ತವೆ, ಅಂಥದ್ದನ್ನು ಅಪ್‌ಲೋಡ್ ಮಾಡಬೇಡಿ.

ಎಸ್‌ಡಿಎಫ್ ಎಂದರೆ ಸುಸ್ಥಿರ ಅಭಿವೃದ್ಧಿ ಶುಲ್ಕ. ಭಾರತೀಯರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ, 6ರಿಂದ 12 ವರ್ಷದವರಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಲೆಕ್ಕ ರಾತ್ರಿಗೆ, ಹಗಲಿಗಲ್ಲ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಐದು ರಾತ್ರಿ ಉಳಿದರೆ 12,000 ಮತ್ತು 3,000, ಒಟ್ಟು 15,000. ದುಬಾರಿ ಅನ್ನಿಸಬಹುದು. ಆದರೆ ಬೇರೆ ದೇಶದವರು ಒಂದು ರಾತ್ರಿಗೆ 100 ಡಾಲರ್ ಕಟ್ಟುತ್ತಾರೆ. ಪ್ರವಾಸಿಗಳು ಕಡಿಮೆ ಬಂದರೂ ಕಾಡು, ಗೊಂಪಾಗಳು (ಬೌದ್ಧ ಮಠಗಳು) ಉಳಿಯಲಿ ಎಂಬುದು ಆ ಪುಟ್ಟ ದೇಶದ ನಿಲುವು. ಅದನ್ನು ಗೌರವಿಸಬೇಕು.

ಮೂರನೇ ಹೆಜ್ಜೆ: ದಾರಿ

ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಹಿಮಾಲಯದ ತಪ್ಪಲಿನ ಡುವಾರ್ಸ್ ಟೀ ತೋಟಗಳ ನಡುವೆ ಜೈಗಾಂವ್‌ವರೆಗೆ ನಾಲ್ಕು ತಾಸಿನ ರಸ್ತೆ. ರೈಲಿನವರಿಗೆ ಹತ್ತಿರದ ನಿಲ್ದಾಣ ಹಾಸಿಮಾರಾ. ಸ್ವಂತ ಕಾರು ಬೇಡ. ಜೈಗಾಂವ್‌ಗೆ ಅಂಟಿಕೊಂಡ ಭೂತಾನ್ ಊರಾದ ಫುಂಟ್‌ಶೋಲಿಂಗ್ ದಾಟಿದ ಮೇಲೆ ಭಾರತದ ವಾಹನಕ್ಕೆ ದಿನಕ್ಕೆ 4,500 ರೂಪಾಯಿ ಬೀಳುತ್ತದೆ, ಅಲ್ಲಿನ ಟ್ಯಾಕ್ಸಿ ಅದಕ್ಕಿಂತ ಅಗ್ಗ, ಚಾಲಕನಿಗೆ ತಿರುವುಗಳೂ ಗೊತ್ತು.

ಗಡಿಗೆ ಬೆಳಿಗ್ಗೆಯೇ ಹೋಗಿ. ಅವರ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿದೆ. ನಮ್ಮ ನಾಲ್ಕೂವರೆಗೆ ಹೋದರೆ ಅವರಿಗೆ ಐದಾಗಿ ಕಚೇರಿ ಮುಚ್ಚುವ ಹೊತ್ತು. ಫುಂಟ್‌ಶೋಲಿಂಗ್ ಊರ ಮೇಲಿನ ರಿಂಚೆಂಡಿಂಗ್ ಚೆಕ್‌ಪೋಸ್ಟಿನಲ್ಲಿ ಪರ್ಮಿಟ್ ಮತ್ತೆ ನೋಡುತ್ತಾರೆ, ಸೂಟ್‌ಕೇಸಿನ ತಳಕ್ಕೆ ತುರುಕಬೇಡಿ. ಅಲ್ಲಿಂದ ಥಿಂಪು ಸುಮಾರು 150 ಕಿಲೋಮೀಟರ್, ಐದು ತಾಸು. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. ಇದೇ ಹಾದಿಯಲ್ಲಿ ಭಾರತದ ನೆರವಿನಿಂದ ಕಟ್ಟಿದ 336 ಮೆಗಾವಾಟಿನ ಚುಖಾ ವಿದ್ಯುತ್ ಯೋಜನೆಯಿದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಿಲ್ಲೆಯವರು ಇದನ್ನು ನೋಡದೆ ಬರಬಾರದು: ನೀರಿನಿಂದ ಕರೆಂಟು ಮಾಡಿ ಭಾರತಕ್ಕೆ ಮಾರುವುದೇ ಭೂತಾನಿನ ದೊಡ್ಡ ವ್ಯಾಪಾರ.

ಥಿಂಪು ಇರುವುದು 2,300 ಮೀಟರ್ ಆಸುಪಾಸಿನಲ್ಲಿ. ಸಿಲಿಗುರಿಯಲ್ಲಿ ಮಾರುವ ಆಕ್ಸಿಜನ್ ಡಬ್ಬಿ ಅಲ್ಲಿಗೆ ದಂಡ. ಜೊಂಗ್‌ಗಳಿಗೆ, ಅಂದರೆ ಮಠವೂ ಕಚೇರಿಯೂ ಇರುವ ಕೋಟೆಗಳಿಗೆ, ಹೋಗುವಾಗ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ.

ಮಾಲು ಕಳಿಸುವವರಿಗೆ

ಎರಡು ದೇಶಗಳ ನಡುವೆ 1972ರ ವ್ಯಾಪಾರ ಒಪ್ಪಂದವಿದೆ, 2016ರಲ್ಲಿ ನವೀಕರಣವಾಗಿದೆ; ವ್ಯಾಪಾರ ಸುಂಕಮುಕ್ತ, ಹಣ ರೂಪಾಯಿಯಲ್ಲೇ. ಹಾಗೆಂದು ಪ್ರವಾಸದ ಚೀಲದಲ್ಲಿ ಮಂಡ್ಯದ ಬೆಲ್ಲ ಒಯ್ದು ಮಾರುವ ಹಾಗಿಲ್ಲ. ರಫ್ತಿಗೆ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಬೇಕು, ಆನ್‌ಲೈನಿನಲ್ಲಿ 500 ರೂಪಾಯಿ. ಇಲ್ಲೂ ಹೆಸರಿನದೇ ಕಾಟ: ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ಮೂರರಲ್ಲೂ ಹೆಸರು ಒಂದೇ ಇರಲಿ. ತೆರಿಗೆ ಕಟ್ಟದೆ ಕಳಿಸಲು ಜಿಎಸ್‌ಟಿಯಲ್ಲಿ ಮೊದಲೇ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ. ಜೈಗಾಂವ್ ಕಸ್ಟಮ್ಸ್‌ನಲ್ಲಿ ಶಿಪ್ಪಿಂಗ್ ಬಿಲ್ (ರಫ್ತಿನ ಘೋಷಣಾ ಪತ್ರ) ಆಗಬೇಕು, ಆಹಾರ ಪದಾರ್ಥಕ್ಕೆ ಅಲ್ಲಿನ ಆಮದುದಾರರು ತಮ್ಮ ಸರ್ಕಾರದ ಅನುಮತಿ ತೆಗೆದಿರಬೇಕು. ಡುವಾರ್ಸ್‌ನ ತೇವಕ್ಕೆ ಅಚ್ಚು ಬೆಲ್ಲ ಬೆವರಿ ಅಂಟುತ್ತದೆ. ಗೋಣಿಚೀಲ ಬೇಡ, ಗಾಳಿಯಾಡದ ದಪ್ಪ ಪಾಲಿಥಿನ್ನಿನಲ್ಲಿ ಬಿಗಿಯಾಗಿ ಮುಚ್ಚಿ ಪೆಟ್ಟಿಗೆಗೆ ಹಾಕಿ.

ಹಣ

ಭೂತಾನಿನ ಗುಲ್ಟ್ರಮ್ ಮತ್ತು ರೂಪಾಯಿ ಸಮ ಸಮ, ನಮ್ಮ ನೋಟು ಅಲ್ಲಿ ನಡೆಯುತ್ತದೆ. 2021ರಿಂದ ಭೀಮ್ ಯುಪಿಐ ಇದೆ, ಆದರೆ ಬೆಟ್ಟದ ಊರಿನಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ನೂರರ ನೋಟೇ ಆಸರೆ. ಚಿಲ್ಲರೆಯಾಗಿ ಕೈಗೆ ಬಂದ ಗುಲ್ಟ್ರಮ್ ಅನ್ನು ವಾಪಸ್ ಬರುವ ದಿನ ಫುಂಟ್‌ಶೋಲಿಂಗಿನಲ್ಲೇ ಖರ್ಚು ಮಾಡಿ, ಇಲ್ಲವೇ ಜೈಗಾಂವ್ ಅಂಗಡಿಯಲ್ಲಿ ರೂಪಾಯಿ ಮಾಡಿಸಿಕೊಳ್ಳಿ. ಹಾಸಿಮಾರಾದಲ್ಲಿ ರೈಲು ಹತ್ತಿದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.