ಒಂದು ಹನಿ ಹಾವಿನ ರಕ್ತ: ಒಳಗೆ ಕೂತ ಪರಾವಲಂಬಿಯನ್ನು ನೋಡುವುದು ಹೇಗೆ?

ಗಂಗಾವತಿ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ಗದ್ದೆ ತುಂಬ ನೀರು, ನೀರಿನ ತುಂಬ ಕಪ್ಪೆ, ಕಪ್ಪೆಯ ಹಿಂದೆ ನೀರೊಳ್ಳೆ ಹಾವು. ಸೊಳ್ಳೆಯ ಮಾತಂತೂ ಬೇಡ. ಈ ನಾಲ್ಕೂ ಸೇರಿದ ಕಡೆ ಐದನೆಯದೊಂದಕ್ಕೂ ಜಾಗ ಸಿಗುತ್ತದೆ. ಅದರ ಹೆಸರು ಹೆಪಟೋಜೂನ್. ಹಾವಿನ ಕೆಂಪು ರಕ್ತಕಣದೊಳಗೆ ಹೊಕ್ಕು ಕೂರುವ ಒಂದೇ ಕೋಶದ ಜೀವಿ, ಮಲೇರಿಯಾ ಪರಾವಲಂಬಿಗೆ ದೂರದ ದಾಯಾದಿ. ಇದನ್ನು ನೋಡಲು ಕಾಲೇಜಿನ ಸೂಕ್ಷ್ಮದರ್ಶಕ ಸಾಕು.

ಮೊದಲು ರಕ್ತ. ದಯವಿಟ್ಟು ಹಾವು ಹಿಡಿಯಲು ಹೋಗಬೇಡಿ. ಕಚ್ಚುವ ಮಾತು ಬಿಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಒಪ್ಪುವುದಿಲ್ಲ. ಗಾಯಗೊಂಡ ಹಾವಿಗೆ ಚಿಕಿತ್ಸೆ ಕೊಡುವಾಗ ಪಶುವೈದ್ಯರು ತಪಾಸಣೆಗೆಂದು ಬಾಲದ ಕೆಳಗಿನ ರಕ್ತನಾಳದಿಂದ ರಕ್ತ ತೆಗೆಯುವುದುಂಟು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಅದರಲ್ಲೊಂದು ಹನಿ ಕೇಳಿ. ಕೈಗೆ ಗ್ಲೌಸ್ ಇರಲಿ.

ಹನಿಯನ್ನು ಗಾಜಿನ ಸ್ಲೈಡಿನ ಒಂದು ತುದಿಗೆ ಬಿಡಿ. ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ಓರೆಯಾಗಿ ಹಿಡಿದು ಹನಿಗೆ ತಾಗಿಸಿ. ರಕ್ತ ಅಂಚಿನುದ್ದಕ್ಕೂ ಹರಡಿದ ಕೂಡಲೇ ಒಂದೇ ಸಲಕ್ಕೆ ಮುಂದಕ್ಕೆ ದೂಡಿ. ಕೊನೆ ಹಕ್ಕಿಯ ಗರಿಯಂತೆ ತೆಳ್ಳಗಾಗಬೇಕು. ನಾನು ಎಳೆದ ಮೊದಲ ಸ್ಲೈಡು ರಂಜಕ ಸವರಿದ ರೊಟ್ಟಿ ಥರ ಇತ್ತು, ಒಂದು ಕಣವೂ ಬಿಡಿಯಾಗಿ ಕಾಣಲಿಲ್ಲ. ನಮ್ಮ ಬಿಸಿಲಿಗೆ ಒಣಗುವುದೇನೂ ತಡವಲ್ಲ. ಆದರೆ ಸುಮ್ನೆ ಮೇಜಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋದರೆ ನೊಣ, ಇರುವೆ ಬಂದು ಒಣಗಿದ ರಕ್ತವನ್ನೇ ತಿಂದು ಹಾಕುತ್ತವೆ. ಮೇಲೆ ಡಬ್ಬಿ ಮುಚ್ಚಿ.

ಒಣಗಿದ ಮೇಲೆ ಮೆಥನಾಲ್‌ನಲ್ಲಿ ಎರಡು ಮೂರು ನಿಮಿಷ ಅದ್ದಿ (ವಿಷ ಅದು, ಬೆಂಕಿಯಿಂದ ದೂರವಿಡಿ). ಆಮೇಲೆ ಗೀಮ್ಸಾ ಬಣ್ಣ: ಒಂದು ಪಾಲು ಬಣ್ಣಕ್ಕೆ ಒಂಬತ್ತು ಪಾಲು ನೀರು, ಅರ್ಧ ಗಂಟೆ. ಇಲ್ಲಿ ಬೋರ್‌ವೆಲ್ ನೀರು ಮಾತ್ರ ಬಳಸಬೇಡಿ. ಸವಳು ನೀರಲ್ಲಿ ಕ್ಷಾರ ಜಾಸ್ತಿಯಿದ್ದರೆ ಇಡೀ ಸ್ಲೈಡು ನೀಲಿ ಬಳಿದಂತಾಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಲ್ಲೇ ನಿಲ್ಲುವ ಬಫರ್ ನೀರೇ ಆಗಬೇಕು. ತೊಳೆದು ಒಣಗಿಸಿ, ಸೂಕ್ಷ್ಮದರ್ಶಕಕ್ಕೆಂದೇ ಇರುವ ಎಣ್ಣೆ (ಇಮ್ಮರ್ಶನ್ ಆಯಿಲ್) ಹಾಕಿ 100ರ ಮಸೂರದಲ್ಲಿ ನೋಡಿ.

ಮನುಷ್ಯರ ಕೆಂಪು ಕಣ ದುಂಡಗಿರುತ್ತದೆ, ಅದಕ್ಕೆ ಕೋಶಕೇಂದ್ರ ಇಲ್ಲ. ಹಾವಿನದು ಮೊಟ್ಟೆಯಾಕಾರ, ನಡುವೆ ನೇರಳೆ ಬಣ್ಣದ ಕೇಂದ್ರ. ಸಾಲಾಗಿ ನೋಡುತ್ತಾ ಹೋಗಿ. ಯಾವುದೋ ಒಂದು ಕಣದಲ್ಲಿ ಆ ಕೇಂದ್ರ ಗೋಡೆಗೆ ಒತ್ತಿಕೊಂಡಿರುತ್ತದೆ. ಪಕ್ಕದಲ್ಲಿ ಬಾಳೆಹಣ್ಣಿನಂತೆ ತುಸು ಬಾಗಿದ, ತಿಳಿನೀಲಿ ಮೈ, ಅದಕ್ಕೂ ತನ್ನದೇ ಒಂದು ಕೇಂದ್ರ. ಅದೇ ನೋಡಿ. ಫೋಕಸ್ ಏರಿಳಿಸಿದಾಗ ಕಣಕ್ಕಿಂತ ಮೇಲಿನ ಮಟ್ಟದಲ್ಲಿ ಕಂಡರೆ ಅದು ಬಣ್ಣದ ಗಸಿ. ನಾನೊಮ್ಮೆ ಗಸಿಯನ್ನೇ ಪರಾವಲಂಬಿ ಅಂತ ಎಲ್ಲರಿಗೂ ತೋರಿಸಿದ್ದೆ.

ಸರಿ, ಹೆಪಟೋಜೂನ್ ಕಣದೊಳಗೆ ದಿನಗಟ್ಟಲೆ ಹೇಗೆ ಉಳಿಯುತ್ತದೆ? ಒಳಗೆ ಹೋಗುವಾಗಲೇ ಅದು ಕಣದ ಪೊರೆ ಹರಿಯುವುದಿಲ್ಲ. ಊದಿದ ಬಲೂನಿಗೆ ಬೆರಳು ಒತ್ತಿದರೆ ರಬ್ಬರು ಬೆರಳನ್ನೇ ಸುತ್ತಿಕೊಳ್ಳುತ್ತದಲ್ವಾ, ಹಾಗೆ ಪೊರೆಯನ್ನು ಒಳಕ್ಕೆ ತಳ್ಳಿ, ಅದನ್ನೇ ಚೀಲ ಮಾಡಿಕೊಂಡು ಕೂರುತ್ತದೆ. ರಕ್ತದಲ್ಲಿ ಓಡಾಡುವ ಪ್ರತಿಕಾಯಗಳು (ರೋಗಾಣುಗಳ ವಿರುದ್ಧ ಮೈ ತಯಾರಿಸುವ ಪ್ರೋಟೀನುಗಳು) ಅಲ್ಲಿಗೆ ತಲುಪುವುದಿಲ್ಲ. ನಮ್ಮ ಮಲೇರಿಯಾ ಪರಾವಲಂಬಿ ಕಣದೊಳಗೇ ಮರಿ ಹಾಕಿ, ಸಾಮಾನ್ಯವಾಗಿ 48 ಗಂಟೆಗೊಮ್ಮೆ ಅದನ್ನು ಒಡೆದು ಹೊರಬರುತ್ತದೆ. ಚಳಿಜ್ವರ ಬರುವುದು ಆಗಲೇ. ಹೆಪಟೋಜೂನ್‌ಗೆ ಆ ಅವಸರ ಇಲ್ಲ. ಸಂಖ್ಯೆ ಹೆಚ್ಚಿಸುವ ಕೆಲಸವನ್ನು ಯಕೃತ್ತು, ಶ್ವಾಸಕೋಶದಂಥ ಅಂಗಗಳಲ್ಲೇ ಮುಗಿಸಿ ಬಂದಿರುತ್ತದೆ. ರಕ್ತದಲ್ಲಿ ಅದಕ್ಕೆ ಸೊಳ್ಳೆ ಬರುವ ತನಕ ಕಾಯುವುದೊಂದೇ ಕೆಲಸ. ಕೂತ ಜಾಗವೂ ಬಾಳಿಕೆಯದು: ನಮ್ಮ ಕೆಂಪು ಕಣ ಬದುಕುವುದು ಸುಮಾರು 120 ದಿನ, ಆಮೆಯಂಥ ಸರೀಸೃಪಗಳ ಕಣ ಒಂದೂವರೆ ವರ್ಷ ದಾಟುವುದೂ ಉಂಟು.

ರಾಯಚೂರು, ಕೊಪ್ಪಳ ಇನ್ನೂ ನಿಜಾಮರ ಸೀಮೆಯಲ್ಲಿದ್ದ ಕಾಲದಲ್ಲಿ, 1897ರ ಆಗಸ್ಟ್ 20ರಂದು, ಅದೇ ಸೀಮೆಯ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು. ಮಲೇರಿಯಾ ಹಬ್ಬಲು ಸೊಳ್ಳೆ ಕಚ್ಚಬೇಕು. ಹೆಪಟೋಜೂನ್‌ದು ಉಲ್ಟಾ, ಸೊಳ್ಳೆಯನ್ನೇ ಯಾರಾದರೂ ತಿನ್ನಬೇಕು. ಹಾವಿನ ರಕ್ತ ಕುಡಿದ ಸೊಳ್ಳೆಯನ್ನು ಕಪ್ಪೆ ನುಂಗುತ್ತದೆ. ಕಪ್ಪೆಯ ಯಕೃತ್ತಿನಲ್ಲಿ ಪರಾವಲಂಬಿ ಗಟ್ಟಿ ಕವಚದೊಳಗೆ ನಿದ್ದೆ ಹೋಗುತ್ತದೆ. ಆ ಕಪ್ಪೆಯನ್ನು ಇನ್ನೊಂದು ಹಾವು ತಿಂದಾಗ ಎದ್ದು ಕೂರುತ್ತದೆ. ಇಷ್ಟಾದರೂ ಹಾವಿಗೆ ಸಾಮಾನ್ಯವಾಗಿ ಏನೂ ಆದಂತೆ ಕಾಣುವುದಿಲ್ಲ. ಒಗ್ಗದ ಪ್ರಾಣಿಯ ಮೈ ಸೇರಿದಾಗಲೇ ಉರಿಯೂತದ ತೊಂದರೆ ಜಾಸ್ತಿ.

ಹತ್ತು ನಿಮಿಷ ನೋಡಿ ಸಿಗಲಿಲ್ಲ ಅಂತ ಸ್ಲೈಡು ಎತ್ತಿಡಬೇಡಿ. ಸಾವಿರ ಕಣಗಳಲ್ಲಿ ಒಂದರಲ್ಲೂ ಇಲ್ಲದೆ, ಮುಂದಿನ ಸಾವಿರದಲ್ಲಿ ಸಿಗಬಹುದು. ರಕ್ತಕ್ಕೆ ಇನ್ನೂ ಇಳಿಯದೆ ಅಂಗಗಳಲ್ಲೇ ಇದ್ದರಂತೂ ಎಷ್ಟು ಹುಡುಕಿದರೂ ಸಿಗದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ತಾರೀಖು, ಹಾವಿನ ಜಾತಿ, ಎಷ್ಟು ಕಣ ನೋಡಿದಿರಿ ಅಂತ ಬರೆದು, ಕೊನೆಗೆ ‘ಇಲ್ಲ’ ಅನ್ನುವ ಬದಲು ‘ಕಾಣಲಿಲ್ಲ’ ಎಂದು ಬರೆಯಿರಿ.