ಸ್ಟೀರಾಯ್ಡ್ ನಡೆಯುತ್ತಿದ್ದರೆ ನೋವಿನ ಮಾತ್ರೆ ಯಾವುದು?

ಕೋಲಾರದ ಟೊಮೆಟೊ ಮಂಡಿ ಹತ್ತಿರ ನಮ್ಮ ಮೆಡಿಕಲ್ ಶಾಪ್. ಕ್ರೇಟ್ ಎತ್ತಿ ಎತ್ತಿ ಸೊಂಟ ಹಿಡಿದವರು ಬಂದು, "ಅಣ್ಣಾ, ಜೋರಾಗಿರೋ ನೋವಿನ ಮಾತ್ರೆ ಕೊಡಿ" ಅನ್ನುತ್ತಾರೆ. ಬೇರೆ ಯಾವ ಮಾತ್ರೆ ನಡೀತಿದೆ ಅಂತ ನಾನು ಮೊದಲು ಕೇಳುತ್ತೇನೆ. ಉಬ್ಬಸಕ್ಕೋ ಕೀಲುವಾತಕ್ಕೋ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಇದ್ದರೆ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಕೊಡುವುದಿಲ್ಲ. ಸ್ಟೀರಾಯ್ಡ್ ಜೊತೆ ಇವು ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಜಾಸ್ತಿ. ಊಟ ಆದಮೇಲೆ ನುಂಗಿದರೆ ಏನೂ ಆಗಲ್ಲ ಅನ್ನುವವರಿದ್ದಾರೆ. ನಮ್ಮ ಮಾವನವರೂ ಹಾಗೇ ಅಂದಿದ್ದರು, ಮಲ ಟಾರಿನ ಹಾಗೆ ಕಪ್ಪಾಗುವ ತನಕ. ಹಾಗೆ ಕಂಡರೆ, ಇಲ್ಲವೇ ವಾಂತಿ ಕಾಫಿಪುಡಿಯಂತಿದ್ದರೆ, ತಕ್ಷಣ ಆಸ್ಪತ್ರೆಗೆ ಓಡಿ.

ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ವಾಸಿ. ದೊಡ್ಡವರಿಗೆ 500 ಮಿ.ಗ್ರಾಂ.ನ ಒಂದೋ ಎರಡೋ ಮಾತ್ರೆ, ಮತ್ತೆ ಬೇಕಾದರೆ 6 ಗಂಟೆ ಬಿಟ್ಟು. ದಿನಕ್ಕೆ 3 ಗ್ರಾಂ ದಾಟಬೇಡಿ. ಲಿವರ್ ತೊಂದರೆ, ಕುಡಿತ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಶೀಟಿನ ಹಿಂದಿನ ಸಣ್ಣ ಅಕ್ಷರ ಓದಿ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಕೂಡ ಇದೆ. ಎಷ್ಟೋ ನೆಗಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೆದರಿಕೊಂಡು ಸ್ಟೀರಾಯ್ಡ್ ಅನ್ನು ಸುಮ್ನೆ ನಿಲ್ಲಿಸಬೇಡಿ. ಹೃದಯಕ್ಕೆ ಡಾಕ್ಟರ್ ಬರೆದ ಆಸ್ಪಿರಿನ್ ಕೂಡ ಅಷ್ಟೇ, ಅವರನ್ನು ಕೇಳದೆ ಬಿಡಬೇಡಿ.